ಟ್ಯಾಲಿ ಬ್ಯಾಕಪ್ ಇದೆ ಎಂದು ನೆಮ್ಮದಿಯಾಗಿರುವ ಅಂಗಡಿಯವರು ಒಮ್ಮೆ ಓದಿ

ತಾಲೂಕು ಕೇಂದ್ರವೊಂದರ ಹಾರ್ಡ್‌ವೇರ್ ಸಗಟು ಅಂಗಡಿ. ಎರಡು ಕಂಪ್ಯೂಟರ್, ಲೆಕ್ಕ ಬರೆಯಲು ಟ್ಯಾಲಿ ಪ್ರೈಮ್ ಸಾಫ್ಟ್‌ವೇರ್, ಸುಮಾರು ನಾನೂರು ಉದ್ರಿ ಗಿರಾಕಿಗಳು. ಬ್ಯಾಕಪ್ಪೇ ಇಲ್ಲದ ಅಂಗಡಿಯೇನಲ್ಲ, ಮೂರು ಕಡೆ ಇತ್ತು: ಸಿಪಿಯು ಹಿಂದೆ ಸದಾ ಚುಚ್ಚಿಕೊಂಡಿರುವ 1 ಟಿಬಿ ಡಿಸ್ಕ್, ಗೂಗಲ್ ಡ್ರೈವ್, ಗಲ್ಲಾಪೆಟ್ಟಿಗೆಯಲ್ಲೊಂದು ಪೆನ್‌ಡ್ರೈವ್. ನವೆಂಬರ್‌ನ ಒಂದು ಸೋಮವಾರ ಶಟರ್ ಎತ್ತಿದ ಮೇಲೆ ಮೂರರಲ್ಲಿ ಒಂದೂ ಕೈ ಹಿಡಿಯಲಿಲ್ಲ. ಇದೇ ಜೋಡಣೆ ಎಷ್ಟೋ ಅಂಗಡಿಗಳಲ್ಲಿ ಇರುವುದರಿಂದ ಏನು, ಯಾಕೆ ಎಂದು ಬಿಡಿಸಿ ಹೇಳುವುದು ಅಗತ್ಯ.

ಸಾಹುಕಾರರು ಮನೆಯಿಂದಲೇ ಲೆಕ್ಕ ನೋಡಲಿ ಎಂದು ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್, ಅಂದರೆ ಹೊರಗಿನಿಂದ ಇಂಟರ್ನೆಟ್ ಮೂಲಕ ಕಂಪ್ಯೂಟರಿನೊಳಗೆ ಬರುವ ಬಾಗಿಲು, ತೆರೆದಿಟ್ಟಿದ್ದರು. ಯೂಸರ್ ಅಡ್ಮಿನಿಸ್ಟ್ರೇಟರ್, ಪಾಸ್‌ವರ್ಡ್ ಅಂಗಡಿಯ ಹೆಸರಿನ ಮುಂದೆ 123. ತೆರೆದ ಪೋರ್ಟ್ ಹುಡುಕಲು ಯಾರೂ ನಿಮ್ಮ ಊರಿಗೆ ಬರಬೇಕಿಲ್ಲ, ಹಗಲೂ ರಾತ್ರಿ ಯಂತ್ರಗಳೇ ತಡಕುತ್ತಿರುತ್ತವೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನ ಸೆಕ್ಯುರಿಟಿ ಲಾಗ್ ತೆರೆದರೆ 4625 ಎಂಬ ಸಂಖ್ಯೆಯ ಸಾಲು ಸಾಲು ದಾಖಲೆ, ಅಂದರೆ ತಪ್ಪು ಪಾಸ್‌ವರ್ಡಿನ ಪ್ರಯತ್ನಗಳು. ಶನಿವಾರ ನಡುರಾತ್ರಿ ದಾಟಿದ ಮೇಲೆ ಅವುಗಳ ನಡುವೆ ಒಂದು 4624: ಪಾಸ್‌ವರ್ಡ್ ಸಿಕ್ಕಿತ್ತು. ಭಾನುವಾರ ಅಂಗಡಿಗೆ ರಜ. ಒಳಗೆ ಬಂದವರಿಗೆ ಇಡೀ ದಿನ ಬಿಡುವು.

ಫೈಲ್‌ಗಳೆಲ್ಲ ಬೀಗ ಹಾಕಿಸಿಕೊಂಡು, ಹೆಸರಿನ ಕೊನೆಗೆ ಗುರುತಿಲ್ಲದ ಬಾಲ ಹಚ್ಚಿಕೊಂಡಿದ್ದವು. ಚುಚ್ಚಿದ್ದ ಡಿಸ್ಕಿನ ಗತಿಯೂ ಅದೇ. ರ‍್ಯಾನ್ಸಮ್‌ವೇರ್‌ಗೆ (ಫೈಲಿಗೆ ಬೀಗ ಹಾಕಿ ಹಣ ಕೇಳುವ ಕಳ್ಳ ಸಾಫ್ಟ್‌ವೇರಿಗೆ) ಅದೂ ಇನ್ನೊಂದು ಡ್ರೈವ್ ಅಷ್ಟೆ. ಸಿ ಮುಗಿಸಿ ಡಿಗೆ ಹೋದ ಹಾಗೆ ಎಫ್‌ಗೂ ಹೋಗುತ್ತದೆ. ವಿಂಡೋಸ್ ತಾನೇ ಇಟ್ಟುಕೊಂಡಿದ್ದ ಶ್ಯಾಡೋ ಕಾಪಿ ಎಂಬ ಹಳೆಯ ನಕಲುಗಳನ್ನೂ ಅದು ಮೊದಲೇ ಅಳಿಸಿಹಾಕಿತ್ತು.

ಗೂಗಲ್ ಡ್ರೈವ್ ತನ್ನ ಕೆಲಸ ತಪ್ಪದೆ ಮಾಡಿತು. ಫೈಲ್ ಬದಲಾಗಿದೆ ಎಂದು ಕೆಟ್ಟ ಫೈಲನ್ನೇ ಮೇಲೆ ಏರಿಸಿತು. ಹಳೆಯ ಆವೃತ್ತಿಗಳು 30 ದಿನ ಉಳಿದಿರುತ್ತವೆ, ನಿಜ. ಆದರೆ ಟ್ಯಾಲಿಯ ಒಂದು ಕಂಪನಿ ಅಂದರೆ ಒಂದು ಫೈಲ್ ಅಲ್ಲ, ಫೈಲ್‌ಗಳಿಂದ ತುಂಬಿದ ಒಂದು ಫೋಲ್ಡರ್. ಟ್ಯಾಲಿ ತೆರೆದಿರುವಾಗಲೇ ಸಿಂಕ್ ಒಂದೊಂದನ್ನು ಒಂದೊಂದು ಹೊತ್ತಿನಲ್ಲಿ ಏರಿಸಿರುತ್ತದೆ. ಒಂದೊಂದಾಗಿ ಹಿಂದಕ್ಕೆ ತಂದು ಜೋಡಿಸಿದ ಫೋಲ್ಡರ್ ತೆರೆಯಲೇ ಇಲ್ಲ, ಎರರ್ ಕೊಟ್ಟಿತು.

ನಮ್ಮ ಹೊಟ್ಟೆ ಹೆಚ್ಚು ಉರಿಯುವುದು ಪೆನ್‌ಡ್ರೈವ್ ವಿಷಯಕ್ಕೆ, ಏಕೆಂದರೆ ಅದು ಹೊರಗಿತ್ತು, ಹಾಳಾಗಿರಲಿಲ್ಲ. ಲೆಕ್ಕ ಬರೆಯುವ ಹುಡುಗ ಪ್ರತಿ ಸಂಜೆ ಅದನ್ನು ಹಾಕಿ, ಡೆಸ್ಕ್‌ಟಾಪ್ ಮೇಲಿನ ಐಕಾನ್ ಒತ್ತಿ, ಕಾಪಿ ಆದ ಮೇಲೆ ತೆಗೆದಿಡುತ್ತಿದ್ದ. ಆ ಐಕಾನ್ ಕಾಪಿ ಮಾಡುತ್ತಿದ್ದದ್ದು 10002 ಎಂಬ ಫೋಲ್ಡರನ್ನು. ಏಪ್ರಿಲ್‌ನಲ್ಲಿ ಹೊಸ ವರ್ಷಕ್ಕೆ ಹೊಸ ಕಂಪನಿ ಮಾಡಿದಾಗ ಟ್ಯಾಲಿ ಅದಕ್ಕೆ 10003 ಕೊಟ್ಟಿತು. ಐಕಾನ್‌ಗೆ ಅದು ಗೊತ್ತಿಲ್ಲ. ಶನಿವಾರದ ತಾರೀಖು ಹೊತ್ತ ಆ ಬ್ಯಾಕಪ್ ಒಳಗೆ ಇದ್ದದ್ದು ಮಾರ್ಚ್ 31ರವರೆಗಿನ ಲೆಕ್ಕ. ಏಳು ತಿಂಗಳು ಒಬ್ಬರೂ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿರಲಿಲ್ಲ.

ಅದರ ಮೇಲೆ, ಮೊದಲು ಓಡಿಬಂದ ರಿಪೇರಿಯವರು ಕೌಂಟರ್ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಬಿಟ್ಟರು. ದಯವಿಟ್ಟು ಯಾರಿಗೂ ಇದಕ್ಕೆ ಬಿಡಬೇಡಿ. ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆರಿಸಿ. ಹಣ ಕೇಳುವ ಪತ್ರವನ್ನೂ ಬೀಗ ಬಿದ್ದ ಎರಡು ಫೈಲನ್ನೂ ಬೇರೆ ಪೆನ್‌ಡ್ರೈವ್‌ಗೆ ಹಾಕಿಡಿ. ಹಳೆಯ ಡಿಸ್ಕನ್ನು ಬಿಚ್ಚಿ ಹಾಗೇ ಎತ್ತಿಟ್ಟು, ಹೊಸ ಎಸ್‌ಎಸ್‌ಡಿ ಮೇಲೆ ವಿಂಡೋಸ್ ಹಾಕಿಸಿ. ಯೂರೋಪೋಲ್ ಮತ್ತು ಡಚ್ ಪೊಲೀಸರು ಸೇರಿ 2016ರಲ್ಲಿ ಶುರು ಮಾಡಿದ ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿ ಕೆಲವು ತಳಿಗಳಿಗೆ ಬೀಗ ಬಿಡಿಸುವ ಉಪಕರಣ ಉಚಿತವಾಗಿ ಸಿಗುತ್ತದೆ. ಇಂದು ಇಲ್ಲದ್ದು ಮುಂದೊಮ್ಮೆ ಬರಬಹುದು, ಆಗ ಹಳೆಯ ಡಿಸ್ಕ್ ಬೇಕು. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಸರ್ಟ್-ಇನ್‌ನ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು.

ಲೆಕ್ಕ ಮತ್ತೆ ಕಟ್ಟಲು ಜಿಎಸ್‌ಟಿ ಪೋರ್ಟಲ್ ಸ್ವಲ್ಪ ಮಟ್ಟಿಗೆ ನೆರವಾಯಿತು. ಜಿಎಸ್‌ಟಿಆರ್-1ರಲ್ಲಿ ನೋಂದಾಯಿತ ವ್ಯಾಪಾರಿಗಳಿಗೆ ಕೊಟ್ಟ ಬಿಲ್ಲುಗಳು, ಜಿಎಸ್‌ಟಿಆರ್-2ಬಿಯಲ್ಲಿ ಖರೀದಿ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಜಮಾ-ಖರ್ಚು. ಆದರೆ ಅಲ್ಲಿರುವುದು ತೆರಿಗೆ ದರವಾರು ಮೊತ್ತ; ಯಾವ ಬಿಲ್ಲಿನಲ್ಲಿ ಎಷ್ಟು ಕಟ್ಟು ಕಬ್ಬಿಣ, ಎಷ್ಟು ಪೈಪು ಎಂದಿಲ್ಲ. ಸಣ್ಣ ಗಿರಾಕಿಗಳ ಮಾರಾಟ ಒಟ್ಟು ಮೊತ್ತವಾಗಿ ಮಾತ್ರ ಇದೆ. ಉದ್ರಿ ಬಾಕಿಯಂತೂ ಯಾವ ಪೋರ್ಟಲ್‌ನಲ್ಲೂ ಇರುವುದಿಲ್ಲ. ಮೇಸ್ತ್ರಿ ಅರ್ಧ ದುಡ್ಡು ನಗದಾಗಿ ಕೊಟ್ಟು ಹೋಗಿದ್ದು ಅಂಗಡಿಯ ಲೆಡ್ಜರಿನಲ್ಲಲ್ಲದೆ ಇನ್ನೆಲ್ಲೂ ಬರೆದಿಲ್ಲ.

ಈಗ ನಿಮ್ಮ ಅಂಗಡಿಯ ವಿಚಾರ. ರೂಟರಿನಲ್ಲಿ 3389 ತೆರೆದಿದ್ದರೆ ಇವತ್ತೇ ಮುಚ್ಚಿಸಿ. ಮನೆಯಿಂದ ನೋಡಲೇಬೇಕಾದರೆ ವಿಪಿಎನ್ (ಇಂಟರ್ನೆಟ್ ಮೇಲೆ ನಿಮಗಷ್ಟೇ ತೆರೆಯುವ ಖಾಸಗಿ ದಾರಿ) ಹಾಕಿಸಿಕೊಳ್ಳಿ. ಎರಡು ಎಕ್ಸ್‌ಟರ್ನಲ್ ಡಿಸ್ಕ್ ತಂದು ಅ, ಆ ಎಂದು ಚೀಟಿ ಅಂಟಿಸಿ. ದಿನ ಬಿಟ್ಟು ದಿನ ಒಂದೊಂದು, ಬ್ಯಾಕಪ್ ಆಗುವಷ್ಟು ಹೊತ್ತು ಮಾತ್ರ ಕಂಪ್ಯೂಟರಿಗೆ. ಒಂದು ಅಂಗಡಿಯಲ್ಲಿದ್ದರೆ ಇನ್ನೊಂದು ಸಾಹುಕಾರರ ಮನೆಯಲ್ಲಿರಲಿ. ಬೆಂಕಿ, ನೀರು, ಕಳವು ಎರಡನ್ನೂ ಒಟ್ಟಿಗೆ ಮುಟ್ಟಬಾರದು. ಫೋಲ್ಡರ್ ಕಾಪಿ ಬೇಡ: ಉಳಿದವರೆಲ್ಲರೂ ಟ್ಯಾಲಿಯಿಂದ ಹೊರಬಂದ ಮೇಲೆ ಟ್ಯಾಲಿಯಲ್ಲಿ ಆಲ್ಟ್-ವೈ ಒತ್ತಿ, ಬ್ಯಾಕಪ್ ಆರಿಸಿ, ಕಂಪನಿಯ ಹೆಸರು ಓದಿ ನೋಡಿ, ಅಂದಿನ ತಾರೀಖಿನ ಹೊಸ ಫೋಲ್ಡರಿಗೆ ಹಾಕಿ. ಹಳೆಯದರ ಮೇಲೆ ಬರೆಯಬೇಡಿ. ಮಿರರ್ ಮಾಡುವ ಸಾಫ್ಟ್‌ವೇರ್ ಇದ್ದರೆ ನೆನಪಿಡಿ, ಇಲ್ಲಿ ಅಳಿದದ್ದನ್ನು ಅಲ್ಲೂ ಅಳಿಸುತ್ತದೆ.

ತಿಂಗಳಿಗೊಮ್ಮೆ ಇನ್ನೊಂದು ಕಂಪ್ಯೂಟರಿನಲ್ಲಿ, ಖಾಲಿ ಫೋಲ್ಡರಿಗೆ ರಿಸ್ಟೋರ್ ಮಾಡಿ. ಚಾಲ್ತಿ ಲೆಕ್ಕವಿರುವ ಜಾಗಕ್ಕೆ ಮಾಡಿದರೆ ಅದೇ ಸಂಖ್ಯೆಯ ಕಂಪನಿ ಅಳಿಸಿಹೋಗುತ್ತದೆ, ಜೋಕೆ. ತೆರೆದ ಮೇಲೆ ಕೊನೆಯ ಬಿಲ್ ಸಂಖ್ಯೆ, ಸಂಡ್ರಿ ಡೆಟರ್ಸ್ (ಉದ್ರಿ ಬಾಕಿದಾರರು) ಒಟ್ಟು, ಕ್ಲೋಸಿಂಗ್ ಸ್ಟಾಕ್, ಈ ಮೂರೂ ಬ್ಯಾಕಪ್ ತೆಗೆದ ದಿನ ಬರೆದಿಟ್ಟುಕೊಂಡ ಅಂಕಿಗೆ ತಾಳೆಯಾಗಬೇಕು. ಲೆಕ್ಕಕ್ಕೆ ಬೀಗ ಹಾಕುವ ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಹಾಕಿದ್ದರೆ ಲಕೋಟೆಯಲ್ಲಿ ಬರೆದು ಮನೆಯಲ್ಲಿಡಿ. ಮರೆತರೆ ಲೆಕ್ಕ ಮತ್ತೆ ಸಿಗದು. ಲೈಸೆನ್ಸ್ ಯಾವ ಇಮೇಲ್‌ಗೆ ನೋಂದಣಿಯಾಗಿದೆ ನೋಡಿ. ಕೆಲಸ ಬಿಟ್ಟು ಹೋದವರ ಇಮೇಲ್ ಆಗಿದ್ದರೆ ಹೊಸ ಕಂಪ್ಯೂಟರಿನಲ್ಲಿ ಚಾಲೂ ಮಾಡುವ ದಿನ ಅವರನ್ನು ಹುಡುಕುತ್ತಾ ಕೂರಬೇಕಾಗುತ್ತದೆ.

ಇದು ಕಾನೂನಿನ ಮಾತೂ ಹೌದು. ಜಿಎಸ್‌ಟಿ ನಿಯಮ 57 ಎಲೆಕ್ಟ್ರಾನಿಕ್ ದಾಖಲೆಗಳಿಗೆ ಸರಿಯಾದ ಬ್ಯಾಕಪ್ ಇಡಬೇಕು ಎನ್ನುತ್ತದೆ. ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕ ಉಳಿಸಿಕೊಳ್ಳಬೇಕು.

ಕೊನೆಗೆ, ಪ್ರತಿ ಶನಿವಾರ ಸಂಜೆ ಉದ್ರಿ ಬಾಕಿ ಪಟ್ಟಿಯನ್ನು ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ: ಹೆಸರು, ಬಿಲ್ ಸಂಖ್ಯೆ, ಬಾಕಿ ಮೊತ್ತ. ಪಿನ್ ಹೊಡೆದು ಗಲ್ಲಾಪೆಟ್ಟಿಗೆಯಲ್ಲಿಡಿ, ಮುಂದಿನ ಶನಿವಾರದ್ದು ಬರುವವರೆಗೂ ಹರಿಯಬೇಡಿ.