ಇನ್ಸಾಸ್, ಎಕೆ-47, ಸಿಗ್ 716: ಮೂರನ್ನೂ ಹೊತ್ತವನ ಹೋಲಿಕೆ

ಪದಾತಿ ದಳದಲ್ಲಿದ್ದ ವರ್ಷಗಳಲ್ಲಿ ನಾನು ಹೆಚ್ಚು ಕಾಲ ನಮ್ಮ ದೇಶದಲ್ಲೇ ತಯಾರಾದ ಇನ್ಸಾಸ್, ಕಾಶ್ಮೀರದ ಕಾರ್ಯಾಚರಣೆಗಳಲ್ಲಿ ಎಕೆ-47, ನಿವೃತ್ತಿಗೆ ಮುನ್ನ ಗಡಿ ನಿಯಂತ್ರಣ ರೇಖೆಯಲ್ಲಿ ಅಮೆರಿಕದ ಸಿಗ್ 716 ರೈಫಲ್ ಹಿಡಿದಿದ್ದೇನೆ. ಈಗ ಸೇನೆಯಲ್ಲಿರುವ ನನ್ನ ಅಕ್ಕನ ಮಗ ರಜೆಗೆಂದು ಕುಷ್ಟಗಿಗೆ ಬಂದಾಗ, ‘ಮಾಮಾ, ಇಷ್ಟು ರೊಕ್ಕ ಕೊಟ್ಟು ತಂದ ಈ ಸಿಗ್ ಉಪಯೋಗಕ್ಕ ಬರತೈತೇನ್ರಿ?’ ಎಂದು ಕೇಳಿದ. ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

2019ರಲ್ಲಿ 72,400 ಸಿಗ್ ರೈಫಲ್‌ಗಳಿಗೆ ಸುಮಾರು 700 ಕೋಟಿ ರೂಪಾಯಿಯ ಒಪ್ಪಂದವಾಯಿತು. ಅಂದರೆ ಒಂದಕ್ಕೆ ಲಕ್ಷದ ಆಸುಪಾಸು. ಆ ಬೆಲೆ ನನಗೆ ಹೆಚ್ಚೆನಿಸುವುದಿಲ್ಲ, ಏಕೆಂದರೆ ರೈಫಲ್ಲನ್ನು ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಗುಂಡನ್ನು ಮಾತ್ರ ದಿನವೂ ಹೊರಬೇಕು, ಅಭ್ಯಾಸಕ್ಕೆಂದು ವರ್ಷವೂ ಸುಡಬೇಕು.

ಇನ್ಸಾಸಿನ 5.56 ಮಿ.ಮೀ. ಗುಂಡು ಸುಮಾರು 12 ಗ್ರಾಂ, ಎಕೆಯ 7.62×39 (ಗುಂಡಿನ ಅಡ್ಡಳತೆ ಮತ್ತು ಕೋಶದ ಉದ್ದ, ಮಿ.ಮೀ.ನಲ್ಲಿ) ಗುಂಡು 16ರಿಂದ 17 ಗ್ರಾಂ, ಸಿಗ್‌ನ 7.62×51 ಗುಂಡು ಸುಮಾರು 24 ಗ್ರಾಂ ತೂಗುತ್ತವೆ. ಗುಂಡು ತುಂಬುವ ಮ್ಯಾಗಜೀನುಗಳನ್ನು ಬಿಟ್ಟು ಲೆಕ್ಕ ಹಾಕಿದರೂ 140 ಗುಂಡಿಗೆ ಇನ್ಸಾಸಿನಲ್ಲಿ 1.7 ಕಿಲೋ, ಸಿಗ್‌ನಲ್ಲಿ 3.4 ಕಿಲೋ ಆಗುತ್ತದೆ. ಕಾಗದದ ಮೇಲೆ ಈ ಅಂತರ ಸಣ್ಣದು. ಗಂಗಾವತಿಯಲ್ಲಿ ಭತ್ತದ ಚೀಲ ಹೊರುವ ಹಮಾಲರನ್ನು ಕೇಳಿದರೆ, ಅದೇ ಚೀಲ ಬೆಳಿಗ್ಗೆ ಒಂದು ತೂಕ, ಸಂಜೆ ಇನ್ನೊಂದು ತೂಕ ಎನ್ನುತ್ತಾರೆ. ಏರುದಾರಿಯ ಗಸ್ತಿನಲ್ಲಿ ನನ್ನ ಅನುಭವವೂ ಅದೇ ಆಗಿತ್ತು.

ಆದರೂ 300 ಮೀಟರು ದಾಟಿದ ಮೇಲೆ ಸಿಗ್‌ಗೆ ಸಾಟಿಯಿಲ್ಲ. ಕಣಿವೆಯ ಆಚೆ ದಂಡೆಯ ಗುರಿಗೆ ಅದರ ಗುಂಡು ಬಲ ಕುಂದದೆ ತಲುಪುತ್ತಿತ್ತು, ಜೊತೆಗೆ ನಮ್ಮ ಎಂಎಂಜಿಯ (ಮಧ್ಯಮ ಮಷಿನ್ ಗನ್) ಗುಂಡೂ ಅದೇ ಅಳತೆಯದಾಗಿತ್ತು. ಭುಜಕ್ಕೆ ಬೀಳುವ ಒದೆತ ಮಾತ್ರ ಜೋರು. ಮೊದಲ ಗುಂಡಿನ ನಂತರ ಗುರಿಯನ್ನು ಮತ್ತೆ ಹಿಡಿಯಲು ನನಗೆ ಇನ್ಸಾಸಿಗಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು, ಅದು ತಗ್ಗಿದ್ದು ಫೈರಿಂಗ್ ರೇಂಜಿನಲ್ಲಿ ಸಾಕಷ್ಟು ಗುಂಡು ಸುಟ್ಟ ಮೇಲೆಯೇ. ಇನ್ಸಾಸಿನ ಒದೆತ ಹಗುರ, ಗ್ರೂಪಿಂಗ್ ಬಿಗಿ, ಅಂದರೆ ಗುಂಡುಗಳು ಗುರಿಯಲ್ಲಿ ಒತ್ತೊತ್ತಾಗಿ ಬೀಳುತ್ತವೆ. ಆದರೆ 1999ರ ಕಾರ್ಗಿಲ್ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜೀನುಗಳು ಬಿರುಕು ಬಿಟ್ಟವೆಂಬ ದೂರನ್ನು ನಮ್ಮ ಹಿರಿಯರು ಮರೆತಿರಲಿಲ್ಲ. ಮನೆಮನೆ ಶೋಧಕ್ಕೆ ಎಕೆಯೇ ಸರಿ. ಮೂವತ್ತು ಗುಂಡಿನ ಮ್ಯಾಗಜೀನು, ಮಣ್ಣು ತಾಗಿದರೂ ನಿಲ್ಲದ ಯಂತ್ರ, ಇಕ್ಕಟ್ಟಾದ ಬಾಗಿಲಲ್ಲಿ ಸುಲಭವಾಗಿ ತಿರುಗುವ ಉದ್ದ.

ಅಮೆರಿಕದ ಸೇನೆ 2022ರಲ್ಲಿ ಆರಿಸಿಕೊಂಡ 6.8 ಮಿ.ಮೀ. ರೈಫಲ್ಲಿಗೂ ಇದೇ ಕಷ್ಟ ಬಂದಿದೆ. ಗುಂಡು ಬಲವಾದದ್ದು, ಆದರೆ ಸೈನಿಕ ಹೊರುವ ಗುಂಡು 210ರಿಂದ 140ಕ್ಕೆ ಇಳಿಯಿತು. ಮೂರನೆಯ ಒಂದು ಭಾಗವನ್ನು ಬಿಟ್ಟುಕೊಡುವುದು ಗುಂಡಿನ ಕಾದಾಟ ನೋಡಿದವನಿಗೆ ಸಣ್ಣ ಮಾತಲ್ಲ.

ಹೀಗಾಗಿ ದೂರದ ಗುರಿಗಳಿರುವ ಗಡಿ ಠಾಣೆಗಳಿಗೆ ಸಿಗ್, ಉಳಿದವರಿಗೆ ಎಕೆಯ ಗುಂಡನ್ನೇ ಬಳಸುವ, ಅಮೇಠಿಯ ಕೋರ್ವಾದಲ್ಲಿ ತಯಾರಾಗುವ ಎಕೆ-203 ಎಂಬುದು ನನ್ನ ಆಯ್ಕೆ. ಅಳಿಯನ ಘಟಕಕ್ಕೆ ಯಾವುದು ಬಂದರೂ ಅಭ್ಯಾಸದ ಗುಂಡಿಗೆ ಕೊರತೆ ಮಾಡಬಾರದು.