ಪಾಂಪ್ಲೆಟ್, ಮೊಬೈಲು, ನಕಾಶೆ: ಲಂಕೆಗೆ ಹೋಗುವ ಮೊದಲು

ಮೇ ತಿಂಗಳ ಸೂಟಿಗೆ ಶ್ರೀಲಂಕೆಗೆ ಹೋಗುವುದೆಂದು ಯುಗಾದಿ ಮುಗಿದ ವಾರವೇ ಮನೆಯಲ್ಲಿ ಠರಾವಾಯಿತು. ಹೋಗುವವರು ನಾಲ್ವರು: ನಾನು, ನನ್ನಾಕೆ, ಒಂಬತ್ತನೇ ಇಯತ್ತೆಯ ಮಗಳು, ಮತ್ತೆ ಎಪ್ಪತ್ತು ದಾಟಿದ ಅವ್ವ. ಆ ದೇಶದಲ್ಲಿ ಯಾವ ಸೀಮೆ ಹೇಗಿದೆ ಅನ್ನುವುದನ್ನು ಬಾಗಲಕೋಟೆಯ ನವನಗರದಲ್ಲಿ ಕೂತೇ ತಿಳಿಯಲು ಮೂರು ದಾರಿ ಹಿಡಿದು ನೋಡಿದೆ. ಮೂರಕ್ಕೂ ಒಂದೊಂದು ವಾರ ಕೊಟ್ಟೆ.

ಮೊದಲನೆಯದು ಟೂರಿನವರ ಪಾಂಪ್ಲೆಟ್. ಐದು ರಾತ್ರಿ, ನಾಲ್ಕು ಊರು: ಕೊಲಂಬೊ, ಕ್ಯಾಂಡಿ, ನುವಾರಾ ಎಲಿಯಾ, ಬೆಂಟೋಟಾ. ದೇಶಕ್ಕೆ ಒಂಬತ್ತು ಪ್ರಾಂತ್ಯಗಳಿವೆ, ಪಾಂಪ್ಲೆಟ್ಟಿನ ಊರುಗಳೆಲ್ಲ ನೈರುತ್ಯದ ಒಂದೇ ಮೂಲೆಗೆ ಒತ್ತಿಕೊಂಡಿವೆ. ಸಮುದ್ರ ಬೇರೆ ಕಡೆ ಇಲ್ಲವೇ ಅಂತ ಕೇಳಿದರೆ, "ಸರ್, ಎಲ್ಲಾರೂ ಇಲ್ಲಿಗೇ ಹೋಗ್ತಾರ್ರೀ" ಎಂಬ ಉತ್ತರ. ಹಿಂದಿನ ವರ್ಷ ನಮ್ಮ ಆಫೀಸಿನವರೊಬ್ಬರು ಇಂಥದೇ ಪ್ಯಾಕೇಜಿನಲ್ಲಿ ಮೇ ಕೊನೆಗೆ ಹೋಗಿ, ಬೆಂಟೋಟಾದ ಹೋಟೆಲ್ಲಿನ ವರಾಂಡದಲ್ಲಿ ಎರಡು ದಿನ ಮಳೆ ನೋಡುತ್ತ ಇಸ್ಪೀಟ್ ಆಡಿ ಬಂದಿದ್ದರು. ಅವರಿಗೂ ಯಾರೂ ಹೇಳಿರಲಿಲ್ಲ.

ಎರಡನೆಯದು ಮೊಬೈಲಿನ ವಿಡಿಯೊ. ಇದರ ಉಸ್ತುವಾರಿ ಮಗಳದು. ಎಲ್ಲದಕ್ಕೂ ನೀಲಿ ಆಕಾಶ, ಹಿಂದೆ ಹಾಡು. ಒಂಬತ್ತು ಕಮಾನಿನ ಸೇತುವೆಯ ಮೇಲೆ ರೈಲು ಬರುವುದನ್ನೇ ಇಪ್ಪತ್ತು ಸಲ ನೋಡಿದೆವು. ಯಾವ ತಿಂಗಳಲ್ಲಿ ತೆಗೆದದ್ದು, ಆ ಸೇತುವೆಯಿಂದ ಸಮುದ್ರಕ್ಕೆ ಎಷ್ಟು ದೂರ, ಒಬ್ಬರೂ ಹೇಳುವುದಿಲ್ಲ. ಬೇಸರ ಬಂದು ಬಿಡಬೇಕೆನ್ನುವಾಗ ಒಂದು ಅಡುಗೆ ವಿಡಿಯೊ ಸಿಕ್ಕಿತು. ಹೆಂಗಸೊಬ್ಬಳು ಒರಳಿನಲ್ಲಿ ಹಸಿ ತೆಂಗಿನತುರಿ, ಕೆಂಪು ಮೆಣಸಿನಕಾಯಿ, ಸಣ್ಣ ಉಳ್ಳಾಗಡ್ಡಿ ಕುಟ್ಟುತ್ತಿದ್ದಳು. ಪೋಲ್ ಸಂಬೋಲ್ ಅಂತೆ. ಅವ್ವ ಕನ್ನಡಕ ಏರಿಸಿ, "ನಮ್ಮ ಚಟ್ನೀನ ಐತಲ್ಲೋ" ಎಂದಳು. ಅಷ್ಟರಲ್ಲಿ ಆಕೆ ಕಟ್ಟಿಗೆ ಚೂರಿನಂಥದ್ದೇನೋ ಒಂದು ಹಿಡಿ ಹಾಕಿದಳು. ಉಂಬಲಕಡ, ಒಣಗಿಸಿದ ಮೀನು. ಅವ್ವ ಮೊಬೈಲು ಕೆಳಗಿಟ್ಟಳು. ಲಿಂಗ ಕಟ್ಟಿಕೊಂಡ ನಮ್ಮಂಥವರ ಮನೆಗೆ ಆ ಅರ್ಧ ನಿಮಿಷ ಇಡೀ ವಾರದ ವಿಡಿಯೊಗಳಿಗಿಂತ ದೊಡ್ಡದು. ಅಲ್ಲಿ ಹೋದ ಮೇಲೆ ತರಕಾರಿ ಊಟದ ತಟ್ಟೆಯಲ್ಲೂ ತೆಂಗಿನ ಚಟ್ನಿಯನ್ನು ಮೀನು ಹಾಕಿದೆಯೇ ಎಂದು ಕೇಳಿಯೇ ಬಡಿಸಿಕೊಂಡೆವು.

ಮೂರನೆಯದು ನಕಾಶೆ. ಮಗಳ ಅಟ್ಲಾಸಿನಲ್ಲಿ ಲಂಕೆ ಹೆಬ್ಬೆರಳಿನ ಉಗುರಿನಷ್ಟೇ ಇತ್ತು. ಬೆಟ್ಟ, ರಸ್ತೆ ಇರುವ ದೊಡ್ಡ ನಕಾಶೆಯೊಂದನ್ನೂ ತಿಂಗಳವಾರು ಮಳೆಯ ಪಟ್ಟಿಯನ್ನೂ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ದೇಶದ ವಿಸ್ತೀರ್ಣ 65,610 ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಮೂರನೇ ಒಂದು ಪಾಲು. ನಡುವೆ, ಸ್ವಲ್ಪ ದಕ್ಷಿಣಕ್ಕೆ, ಬೆಟ್ಟಗಳ ಗಂಟು. ಅದರಲ್ಲಿ 2,524 ಮೀಟರಿನ ಪಿದುರುತಲಾಗಲ. ಈ ಗಂಟು ನೋಡಿದ ಮೇಲೆಯೇ ನನಗೆ ಬೆಳಕು ಹರಿದದ್ದು. ಜೂನಿನಲ್ಲಿ ಖಾನಾಪುರದಲ್ಲಿ ಜಡಿ ಹಿಡಿದಾಗ ಬಾಗಲಕೋಟೆಯಲ್ಲಿ ನಾವು ಬರೀ ಗಾಳಿ ತಿನ್ನುತ್ತೇವಲ್ಲ, ಅದೇ ಲೆಕ್ಕ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದ ಮಳೆ ಬೆಂಟೋಟಾ, ಗಾಲೆ ಕಡೆ ಸುರಿದು ಬೆಟ್ಟದ ಈಚೆಗೇ ಖಾಲಿಯಾಗುತ್ತದೆ, ಪೂರ್ವದ ತ್ರಿಂಕೋಮಲಿ ಒಣಗಿರುತ್ತದೆ. ಡಿಸೆಂಬರಿನಿಂದ ಫೆಬ್ರುವರಿಗೆ ಈಶಾನ್ಯದ ಮಳೆ ಬಂದಾಗ ಎಲ್ಲ ಉಲ್ಟಾ. ನಮ್ಮಲ್ಲಿ ಮುಂಗಾರಿ, ಹಿಂಗಾರಿ ಇದ್ದಂತೆ ಅಲ್ಲಿಯ ಒಕ್ಕಲಿಗರಿಗೂ ಯಲ, ಮಹ ಎಂದು ಎರಡು ಹಂಗಾಮು.

ಹಾಗಾಗಿ ಬೆಂಟೋಟಾ ಹೊಡೆದುಹಾಕಿ ತ್ರಿಂಕೋಮಲಿ ಬರೆದೆ. ಸಮುದ್ರದ ಮೇಲಿನ ಬಂಡೆಯ ತುದಿಗೆ ಕೋಣೇಶ್ವರನ ಗುಡಿ ಇದೆ ಅಂದದ್ದೇ ತಡ, ಅವ್ವನ ಮತವೂ ಬಿತ್ತು. ಹಾದಿಯಲ್ಲಿ ಡಂಬುಲ್ಲದ ಐದು ಗವಿಗಳು, ಕಾಶ್ಯಪ ರಾಜ ಐದನೇ ಶತಮಾನದಲ್ಲಿ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ ಸಿಗಿರಿಯಾ. ಬಾದಾಮಿ ಮೆಟ್ಟಿಲು ಹತ್ತಿ ಬೆಳೆದವರಿಗೆ ಆ ಸೀಮೆ ಪರಕೀಯ ಅನ್ನಿಸಲಿಲ್ಲ. (ಹಳೆಯ ವೈರವೂ ಒಂದಿದೆ: ಪಲ್ಲವ ನರಸಿಂಹವರ್ಮ ನಮ್ಮ ಪುಲಿಕೇಶಿಯ ಮೇಲೆ ಏರಿಬಂದಾಗ ಅವನ ಬಗಲಲ್ಲಿ ನಿಂತು ಕಾದಿದವನು ಸಿಂಹಳದ ರಾಜಕುಮಾರ ಮಾನವರ್ಮ. ಆ ಋಣಕ್ಕೆ ಪಲ್ಲವರು ಸೈನ್ಯ ಕೊಟ್ಟು ಅವನನ್ನು ಲಂಕೆಯ ಗದ್ದುಗೆಗೆ ಏರಿಸಿದರು. ಇದನ್ನು ಮೂರರಲ್ಲಿ ಯಾವುದೂ ಹೇಳಲಿಲ್ಲ ಬಿಡಿ.)

ನಕಾಶೆ ಕೈಕೊಟ್ಟದ್ದೂ ಉಂಟು. ಸಿಗಿರಿಯಾದಿಂದ ಕ್ಯಾಂಡಿಗೆ ದಾರ ಹಿಡಿದು ಅಳೆದೆ, ಸುಮಾರು 90 ಕಿಲೋಮೀಟರ್. ವಿಜಯಪುರಕ್ಕೆ ಹೋದಷ್ಟೇ ತಾನೇ, ಒಂದೂವರೆ ತಾಸು ಎಂದುಕೊಂಡೆ. ಎರಡು ಸಾಲಿನ ರಸ್ತೆ, ಉದ್ದಕ್ಕೂ ಅಂಗಡಿ, ಸ್ಕೂಲು, ತಿರುವು. ಮೂರು ತಾಸು ಹಿಡಿಯಿತು, ಆ ದಿನದ ಸಂಜೆಯ ದಂತ ದೇವಾಲಯ (ಬುದ್ಧನ ಹಲ್ಲು ಇಟ್ಟಿರುವ ಗುಡಿ) ತಪ್ಪಿತು. ಊರಿಗೆ ಬಂದು ಪಾಂಪ್ಲೆಟ್ ತೆಗೆದು ನೋಡಿದರೆ ಕ್ಯಾಂಡಿಯಿಂದ ನುವಾರಾ ಎಲಿಯಾ ಬರೀ 77 ಕಿಲೋಮೀಟರಿಗೆ "ಅರ್ಧ ದಿನದ ಪ್ರಯಾಣ" ಅಂತ ಸಣ್ಣ ಅಕ್ಷರದಲ್ಲಿ ಇತ್ತು. ತಾಸಿನ ಲೆಕ್ಕ ಮಾತ್ರ ಟೂರಿನವರಿಗೇ ಗೊತ್ತು.

ಹೊರಡುವ ಮೂರು ದಿನ ಮೊದಲು ತ್ರಿಂಕೋಮಲಿಯ ಗೆಸ್ಟ್‌ಹೌಸಿಗೆ ಫೋನ್ ಮಾಡಿದ್ದೆ, ನನ್ನ ಅರೆಬರೆ ತಮಿಳಿನಲ್ಲಿ. ಮಳೆ ಇಲ್ಲ, ಬಿಸಿಲು ಜೋರು ಎಂದರು. ಬಾಗಲಕೋಟೆಯವರಿಗೆ ಬಿಸಿಲಿನ ಭಯ ಹೇಳಿದ್ದು ನಗು ತರಿಸಿತು. ನೀವು ಕ್ಯಾಂಡಿಗೆ ಬರುವುದು ವೆಸಾಕ್ ಹುಣ್ಣಿಮೆಗೆ, ಅಂದರೆ ಬುದ್ಧ ಪೂರ್ಣಿಮೆಗೆ, ರೂಮು ಸಿಗುವುದು ಕಷ್ಟ, ಈಗಲೇ ಹಿಡಿಯಿರಿ ಎಂದೂ ಹೇಳಿದರು. ಹಿಡಿದೆವು. ಆ ಹುಣ್ಣಿಮೆಯ ರಾತ್ರಿ ಕ್ಯಾಂಡಿಯ ಬೀದಿ ತುಂಬ ಕಾಗದದ ಗೂಡುದೀಪ, ರಸ್ತೆ ಬದಿಗೆ ಚಪ್ಪರ ಹಾಕಿ ಬಂದವರಿಗೆಲ್ಲ ಪುಕ್ಕಟೆ ಊಟ. ದನ್ಸಲ್ ಎನ್ನುತ್ತಾರೆ. "ನಮ್ಮ ದಾಸೋಹ ಇದು" ಎಂದು ಅವ್ವ ಸರದಿಯಲ್ಲಿ ನಿಂತೇಬಿಟ್ಟಳು. ಚಟ್ನಿ ಮಾತ್ರ ಕೇಳಿ ಹಾಕಿಸಿಕೊಂಡಳು.

ನಕಾಶೆ ಇನ್ನೂ ಗೋಡೆಯ ಮೇಲಿದೆ. ನನ್ನ ಮೈದುನ ಡಿಸೆಂಬರಿಗೆ ಹೋಗುವವನಿದ್ದಾನೆ. ಅವನಿಗಾಗಿ ಮಗಳು ತ್ರಿಂಕೋಮಲಿಗೆ ಕಾಟು ಹಾಕಿ ಬೆಂಟೋಟಾಗೆ ಪೆನ್ಸಿಲಿನಿಂದ ಸುತ್ತು ಹಾಕಿದ್ದಾಳೆ.