ಹಳೆಯ ಜೀಪಿಗೆ ಡೀಸೆಲ್ ಎಂಜಿನ್: ಗೋಕುಲ ರಸ್ತೆಯ ಒಂದು ಗ್ಯಾರೇಜು
ತಂದೆಯವರ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಲು ಹುಬ್ಬಳ್ಳಿಯಲ್ಲಿ ವಿಚಾರಿಸಿದಾಗ, ಕಾಗದಪತ್ರ ಆಮೇಲೆ ನೋಡಿದರಾಯಿತು ಎಂದವರೇ ಹೆಚ್ಚು. ಗೋಕುಲ ರಸ್ತೆಯ ಈ ಗ್ಯಾರೇಜಿನ ಹಿರಿಯ ಮಿಸ್ತ್ರಿಯವರು ಮಾತ್ರ ಮೊದಲು ಆರ್‌ಸಿ ಕೇಳಿದರು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಓ ಅನುಮತಿ ಮೊದಲೇ ಬೇಕೆಂದೂ, ಬದಲಾವಣೆಯಾದ 14 ದಿನಗಳೊಳಗೆ ವರದಿ ಸಲ್ಲಿಸಿ ಆರ್‌ಸಿ ತಿದ್ದಿಸಿಕೊಳ್ಳಬೇಕೆಂದೂ ತಿಳಿಸಿ, ಎಂಜಿನ್ನಿನ ಖರೀದಿ ರಸೀದಿ ಕೈಗೆ ಬರುವವರೆಗೆ ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಆ ಶಿಸ್ತು ನನಗೆ ಬಹಳ ಹಿಡಿಸಿತು.

ಹೊಗೆ ತಪಾಸಣೆಯ ದಿನವೂ ಅವರು ಜೊತೆಗೆ ಬಂದಿದ್ದರು. ಸೈಲೆನ್ಸರಿನೊಳಗೆ ನಳಿಕೆ ಇಳಿಸಿ, ಗೇರ್ ಹಾಕದೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಕಪ್ಪು ಹೊಗೆ ಚಿಮ್ಮಿ ಯಂತ್ರ 71 ತೋರಿಸಿತು. ಬಿಎಸ್-4ಕ್ಕಿಂತ (ವಾಹನಗಳ ಹೊಗೆಗೆ ಸರ್ಕಾರ ನಿಗದಿಪಡಿಸಿದ ಭಾರತ್ ಸ್ಟೇಜ್ ಮಾನದಂಡದ ನಾಲ್ಕನೇ ಹಂತ) ಹಳೆಯ ಡೀಸೆಲ್ ವಾಹನಗಳಿಗೆ ಮಿತಿ 65 ಹಾರ್ಟ್‌ರಿಜ್ ಯೂನಿಟ್, ಅಂದರೆ ಹೊಗೆ ಎಷ್ಟು ದಟ್ಟವಾಗಿದೆ ಎಂಬುದರ ಅಳತೆ. ಅವರು ಇಂಜೆಕ್ಟರ್ ನಾಝಲ್‌ಗಳನ್ನು ಬಿಚ್ಚಿ ಪರೀಕ್ಷಿಸಿ, ಪಂಪಿನ ಟೈಮಿಂಗ್ ಸರಿಪಡಿಸಿ, ಏರ್ ಫಿಲ್ಟರ್ ಬದಲಿಸಿದ ಮೇಲೆ 52ಕ್ಕೆ ಇಳಿಯಿತು. ಇದಕ್ಕೆ ಹೆಚ್ಚುವರಿ ಮಜೂರಿ ತೆಗೆದುಕೊಳ್ಳಲಿಲ್ಲ.

ಮೂರು ವಾರವೆಂದದ್ದು ಐದಾಯಿತು, ಫೋನಿಗೆ ಉತ್ತರಿಸುವುದು ಅಪರೂಪ. ಆದರೂ ನನ್ನ ತಮ್ಮನ ಜೀಪನ್ನೂ ಇಲ್ಲಿಗೇ ಕಳುಹಿಸುತ್ತಿದ್ದೇನೆ.